ಉಳಿದಿರುವ ಒಂದು ಮನೆ

ಬೇಲೂರು
12–1–2025, ಭಾನುವಾರ

ಪ್ರೀತಿಯ ಚಿತ್ರಾ,

ನಾನು ಕ್ಷೇಮ. ಗಂಡಸಿಯಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಎರಡು ವರ್ಷ ಒಂದು ಮಾತೂ ಆಡದವಳು ಈಗ ಕಾಗದ ಬರೆಯಲು ಕೂತಳಲ್ಲ ಎಂದು ನೀನು ಮೂಗು ಮುರಿಯುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಮುರಿ, ತಪ್ಪು ನನ್ನದೇ. ಆದರೆ ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಆಮೇಲೆ ಹರಿ.

ಮೊದಲು ಕೆಟ್ಟ ಸುದ್ದಿ. ಹಳೇಬೀಡಿನ ನಂಜಪ್ಪ ಚಿಕ್ಕಪ್ಪ, ನಿನ್ನ ಸೋದರಮಾವ, ಡಿಸೆಂಬರ್ ಇಪ್ಪತ್ತೇಳಕ್ಕೆ ತೀರಿಕೊಂಡರು. ನೀನು ನಮ್ಮ ಮನೆತನದ ವಾಟ್ಸಾಪ್ ಗ್ರೂಪ್ ಬಿಟ್ಟವಳು, ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಸ್ವಂತ ಮಾವನ ಸಾವು ಹದಿನಾರು ದಿನದ ಮೇಲೆ ಕಾಗದದಲ್ಲಿ ತಿಳಿಯುವ ಹಾಗಾಯಿತು. ಅದಕ್ಕೆ ನಾನೇ ಹೊಣೆ, ಹೇಗೆಂದು ಮುಂದೆ ಬರೆಯುತ್ತೇನೆ.

ಆ ಗ್ರೂಪಿನಲ್ಲಿ ನಾವು ನೂರಾ ನಲವತ್ತು ಜನ ಇದ್ದೇವೆ. ಸುದ್ದಿ ಹಾಕಿದ ಅರ್ಧ ಗಂಟೆಯಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಮಣ್ಣಿಗೆ ಬಂದವರು ಹನ್ನೊಂದು ಜನ. ರುಕ್ಮಿಣಮ್ಮ ಚಿಕ್ಕಮ್ಮ ಗಂಡನ ತಲೆಯ ಹತ್ತಿರ ಕೂತು ಬೀದಿಯನ್ನೇ ನೋಡುತ್ತಿದ್ದರು.

“ಯಾರ್ಗೂ ತಿಳಿಸ್ನಿಲ್ವಾ ಮೀನಾಕ್ಷಿ?” ಎಂದರು.

“ಎಲ್ರಿಗೂ ಗೊತ್ತೈತೆ ಚಿಕ್ಕಮ್ಮ. ಗ್ರೂಪಲ್ಲಿ ಹಾಕವ್ರೆ.”

“ಹಾಕಿದ್ದು ಹಂಗಿರ್ಲಿ. ಯಾರಾದ್ರೂ ಬಾಗ್ಲಿಗೋಗಿ ಹೇಳಿದ್ರಾ?”

ಮೂವತ್ತೈದು ವರ್ಷ ಲಸಿಕೆ ಪೆಟ್ಟಿಗೆ ಹೊತ್ತು ಊರೂರು ನಡೆದ ನರ್ಸಮ್ಮ ನಾನು. ನಿವೃತ್ತಿಯಾದ ಮೇಲೆ ಈ ಕಾಲುಗಳಿಗೆ ಕೆಲಸವೇ ಇರಲಿಲ್ಲ. ಬೆಳಗ್ಗೆ ಎದ್ದು ಎಲ್ಲರಿಗೂ ಗುಡ್ ಮಾರ್ನಿಂಗ್ ಹೂವು ಕಳಿಸುವುದು, ಅವರು ಕಳಿಸಿದ ಹೂವಿಗೆ ಹೆಬ್ಬೆರಳು ಎತ್ತುವುದು. ಯಾರಿಗೂ ಬೇಡವಾದೆ ಎನ್ನಿಸಿ ಮಧ್ಯಾಹ್ನದ ಹೊತ್ತು ಸುಮ್ಮಸುಮ್ಮನೆ ಅಳು ಬರುತ್ತಿತ್ತು ಕಣೇ. ಅವತ್ತು ಚಿಕ್ಕಮ್ಮನ ಮುಂದೆ ಕೂತೇ ತೀರ್ಮಾನ ಮಾಡಿದೆ, ಹನ್ನೊಂದನೇ ದಿನದ ಬುದ್ಧವಂದನೆಗೆ ಪ್ರತಿ ಮನೆಗೂ ನಾನೇ ಹೋಗಿ ಹೇಳುತ್ತೇನೆ ಎಂದು. ಮೂವತ್ತೈದು ಮನೆಗಳ ಪಟ್ಟಿ ಬರೆದೆ.

ತಮ್ಮ ಧರ್ಮೇಶನಿಗೆ ಇದು ಗೊತ್ತಾಗಿ ಕೆಂಡವಾದ. ಆಫೀಸರ್ ಅಲ್ಲವೇ, ಕೂರು ಅಂದರೂ ಕೂರದೆ ನಿಂತೇ ಮಾತಾಡಿದ.

“ನಿಂಗೇನು ತಲೆ ಕೆಟ್ಟೈತಾ ಅಕ್ಕ? ಸಣ್ಣಯ್ಯ ತಾತ ಜೀವ್ಮಾನೆಲ್ಲ ಮಾಡಿದ್ದು ಇದೇ ಅಲ್ವಾ? ದೊಡ್ಡೋರ ಮನೇಲಿ ಸಾವಾದ್ರೆ ಬಿಸ್ಲು ಮಳೆ ಅನ್ದೆ ನಡ್ದು ನೆಂಟ್ರಿಗೆಲ್ಲ ಸುದ್ದಿ ಮುಟ್ಟಿಸ್ಬೇಕಿತ್ತು. ಅಪ್ಪ ಇನ್ಮೇಲೆ ಆಗಲ್ಲ ಅಂದಿದ್ಕೆ ಏಟು ತಿಂದ್ರು. ಅವ್ರು ಇಳಿಸಿದ ಹೊರೆನ ನೀನು ಮತ್ತೆ ಹೊತ್ಕೋತೀಯಾ?”

ಅವನ ಮಾತಿನಲ್ಲಿ ಸುಳ್ಳಿಲ್ಲ. ತಾತ ನಡೆದು ಬಂದಾಗಲೆಲ್ಲ ಅವರ ಒಡೆದ ಹಿಮ್ಮಡಿಗೆ ಹರಳೆಣ್ಣೆ ಹಚ್ಚುತ್ತಿದ್ದವರು ನಿನ್ನಮ್ಮ, ಎಷ್ಟು ಸಲ ಹೇಳಿದ್ದರು ನಮಗೆ. ನಾನು ಒಂದು ದಿನ ಯೋಚಿಸಿಯೇ ಅವನಿಗೆ ಉತ್ತರ ಕೊಟ್ಟೆ.

“ತಾತನ್ನ ಬೇರೆಯೋರು ಕಳಿಸ್ತಿದ್ರು ಕಣೋ, ಬೇರೆಯೋರ ಸಾವಿಗೆ. ಅಂಗ್ಳದಾಚೆ ನಿಂತು ಕೂಗಿ ಹೇಳ್ಬೇಕಿತ್ತು. ನನ್ನ ಯಾರೂ ಕಳಿಸ್ತಿಲ್ಲ. ನಮ್ಮೋರಿಗೋಸ್ಕರ ನಾನೇ ಹೋಯ್ತೀನಿ, ಒಳಗೋಗಿ ಕೂತ್ಕೊಂಡು ಹೇಳ್ತೀನಿ.”

ಅವನು ಹೊರಟುಹೋದ.

ಬೇಲೂರು, ಹಳೇಬೀಡು, ಅರಸೀಕೆರೆ, ಸುತ್ತಲ ಹಳ್ಳಿಗಳು. ಬಸ್ಸಿದ್ದ ಕಡೆ ಬಸ್ಸು, ಇಲ್ಲದ ಕಡೆ ನಡಿಗೆ. ಮಂಡಿ ಊದಿಕೊಂಡಿತು, ಆದರೆ ಮನಸ್ಸು ಹಗುರವಾಯಿತು. ಎಲ್ಲ ಕಡೆಯೂ ಮರ್ಯಾದೆ ಸಿಕ್ಕಿತು ಅಂದುಕೊಳ್ಳಬೇಡ. ಅರಸೀಕೆರೆಯಲ್ಲಿ ದೊಡ್ಡಪ್ಪನ ಮೊಮ್ಮಗಳು ನಂದಿತಾ, ಬ್ಯಾಂಕಿನಲ್ಲಿರುವವಳು, ಗೇಟಿನ ಒಳಗೇ ನಿಂತು, “ಆಂಟಿ, ಕಾಲ್ ಮಾಡಿ ಬರೋದಲ್ವಾ?” ಎಂದಳು. ತಾತ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದೇನೆ ಎನ್ನಿಸಿ ಮೈ ಉರಿಯಿತು.

“ಮಾಡಿದ್ರೆ ನೀನು ಎತ್ತಲ್ಲ ಕಣವ್ವ. ಗೇಟ್ ತೆಗಿ, ಒಂದ್ಲೋಟ ನೀರು ಕೊಡು. ಕೂತ್ಕೊಂಡು ಹೇಳೋದೈತೆ.”

ತೆಗೆದಳು. ಎರಡು ಗಂಟೆ ಕೂತೆ. ಹೊರಡುವಾಗ ನನ್ನ ಕೈ ಬಿಡಲಿಲ್ಲ ಹುಡುಗಿ. ಆ ಮನೆಗೆ ಬಾಡಿಗೆಗೆ ಬಂದು ವರ್ಷವಾಯಿತಂತೆ, ಒಳಗೆ ಬಂದು ಕೂತವಳು ನಾನೇ ಮೊದಲಂತೆ.

ಹನ್ನೊಂದನೇ ದಿನ ಅನ್ನ ಸಾಲದೆ ಇನ್ನೊಂದು ಪಾತ್ರೆ ಏರಿಸಬೇಕಾಯಿತು. “ಇಷ್ಟು ಜನ ಬತ್ತಾರೆ ಅಂತ ಮೊದ್ಲೇ ಹೇಳ್ಬಾರ್ದಾ?” ಎಂದು ಚಿಕ್ಕಮ್ಮ ನನ್ನನ್ನೇ ಬೈದರು. ಬೈಯುವಾಗ ಅವರ ಮುಖ ನೋಡಬೇಕಿತ್ತು ನೀನು. ನಂದಿತಾ ರಜೆ ಹಾಕಿ ಬಂದಿದ್ದಳು. ಧರ್ಮೇಶ ಎಲ್ಲರಿಗಿಂತ ಕೊನೆಗೆ ಬಂದು, ನನ್ನ ಕಡೆ ನೋಡದೆ, ಸಾರಿನ ಬಕೆಟ್ ಎತ್ತಿಕೊಂಡು ಬಡಿಸಲು ಹೋದ.

ಇದನ್ನು ನಾನು ಇನ್ನು ಬಿಡುವುದಿಲ್ಲ. ನಮ್ಮವರಲ್ಲಿ ಹುಟ್ಟು, ಸಾವು, ಕಾಯಿಲೆ, ಏನೇ ಆದರೂ ಮನೆಗೆ ಹೋಗಿಯೇ ಹೇಳುವವಳು ನಾನು. ಕಾಲು ನಡೆಸಿದಷ್ಟು ದಿನ ನನಗೆ ಇದೇ ಕೆಲಸ.

ಆದರೆ ಮೂವತ್ತೈದರಲ್ಲಿ ಒಂದು ಮನೆಗೆ ನಾನು ಹೋಗಲಿಲ್ಲ. ಅದು ನಿನ್ನದು. ಜನವರಿ ನಾಲ್ಕರಂದು ಗಂಡಸಿಯಲ್ಲಿ ಬಸ್ಸಿಳಿದು ನಿಮ್ಮ ಬೀದಿಯ ತಿರುವಿನ ತನಕ ಬಂದೆ. ನಿನ್ನ ಮನೆ ಮುಂದೆ ರಾಗಿ ಒಣಹಾಕಿದ್ದು ಕಂಡಿತು. ಅಲ್ಲಿಂದಲೇ ಹಿಂದಿರುಗಿದೆ.

ನಿನಗೂ ನಿನ್ನ ಮಕ್ಕಳಿಗೂ ಒಳ್ಳೆಯದಾಗಲಿ. ನನ್ನ ಮೇಲಿನ ಕೋಪದಲ್ಲಿ ಊಟ ನಿದ್ದೆ ಕೆಡಿಸಿಕೊಳ್ಳಬೇಡ.

ಇಂತಿ ನಿನ್ನ
ಮೀನಾಕ್ಷಿ

ತಾ.ಕ.: ಯಾಕೆ ಹಿಂದಿರುಗಿದೆ ಎಂದು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ. ನಿನ್ನಮ್ಮ, ದ್ಯಾವಮ್ಮತ್ತೆ, ಹೋದ ದಿನ ನನ್ನ ಬೀಳ್ಕೊಡುಗೆ ಇತ್ತು. ಕೊರಳಲ್ಲಿ ಹಾರ, ಹೆಗಲಿಗೆ ಶಾಲು. ಆಗ ಗ್ರೂಪಿನಲ್ಲಿ ನಿನ್ನ ಸಾಲು ಬಂತು, ‘ಅಮ್ಮ ಹೋದಳು’ ಎಂದು. ಹೈಸ್ಕೂಲಿನ ಮೂರು ವರ್ಷ ತನ್ನ ಮನೆಯಲ್ಲಿಟ್ಟುಕೊಂಡು ಮುದ್ದೆ ಹಾಕಿದ ಅತ್ತೆಗೆ ನಾನು ಕೈಮುಗಿದ ಚಿತ್ರವೊಂದನ್ನು ಒತ್ತಿ, ಫೋನನ್ನು ಬ್ಯಾಗಿಗೆ ಹಾಕಿ, ಊಟಕ್ಕೆ ಕೂತೆ. ಆಮೇಲೆ ಯಾವ ಮುಖ ಹೊತ್ತು ಬರಲಿ ಎಂದು ಎರಡು ವರ್ಷ ಕಳೆದೆ. ಮುಂದಿನ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ನೀನು ಒಳಗೆ ಕರೆಯದಿದ್ದರೆ ತಾತನ ಹಾಗೆ ಅಂಗಳದಾಚೆ ನಿಂತೇ ಹೇಳಿ ಹೋಗುತ್ತೇನೆ. ಅತ್ತೆ ಹೋಗಿಬಿಟ್ಟರು ಎಂಬ ಮಾತನ್ನು ನಾನು ಇನ್ನೂ ಯಾರ ಬಾಗಿಲಲ್ಲೂ ಹೇಳಿಲ್ಲ, ಚಿತ್ರಾ.