ದಿನಾ ಮಡಿಯಾಗುತ್ತಿದ್ದ ಕಂಪ್ಯೂಟರ್

ತೀರ್ಥಸ್ವರೂಪ ವಿಜಯಾಬಾಯಿ ಅತ್ತೆಯವರಿಗೆ, ನೀವು ಫೋನ್ ಎತ್ತದ ಕಾರಣ ಸೊಸೆ ಕೃಷ್ಣಪ್ರಿಯಾ ಕಾಗದದಲ್ಲೇ ಮಾಡುವ ನಮಸ್ಕಾರಗಳು.

ನೀವು ಮುನಿಸಿಕೊಂಡು ನಿಮ್ಮ ತಮ್ಮನ ಮನೆಗೆ ಹೋಗಿ ಒಂಬತ್ತು ದಿನವಾಯಿತು. ಮೊಮ್ಮಗಳು ಶುಭಾಳ ಮದುವೆಗೆ ಗದ್ವಾಲ ಸೀರೆಯನ್ನೇ ಕೊಳ್ಳುತ್ತೀರಂತೆ. ನಾರಾಯಣಪೇಟೆಯ ನೇಕಾರರಿಗೆ ಇಪ್ಪತ್ತು ವರ್ಷ ಸೀರೆಯಂಚಿನ ಚಿತ್ರ ಬರೆದುಕೊಟ್ಟವರ ಮನೆಗೆ ಗದ್ವಾಲ ಸೀರೆ! ಊರಲ್ಲಿ ನಾನು ಹೇಗೆ ಮುಖ ತೋರಿಸಲಿ?

ತಪ್ಪು ನನ್ನದೇ. ಹೊಸ ಲಿನಕ್ಸ್ ಕಂಪ್ಯೂಟರಿನಲ್ಲಿ ನೀವು ಅಂಚು ಬರೆಯುವ ಹಳೆಯ ಪ್ರೋಗ್ರಾಂ ಏಳಲೇ ಇಲ್ಲ. ಅದಕ್ಕೆ ಬೇಕಾದ ಹಳೆಯ ಲಿನಕ್ಸನ್ನೇ ಒಳಗೆ ಬೇರೆ ಕೋಣೆಯಂತೆ ಕಟ್ಟಿ, ಅದರಲ್ಲಿ ಕೂರಿಸಿದೆ. ಇಂಟರ್ನೆಟ್ಟಾಗಲಿ, ಉಳಿದ ಫೈಲುಗಳಾಗಲಿ ಅದನ್ನು ಮುಟ್ಟುವಂತಿಲ್ಲ. "ಅದು ಮಡಿಯೊಳಗ ಅದ ರೀ" ಎಂದೆ. ನಿಮಗೆ ಒಂದೇ ಮಾತಿಗೆ ತಿಳಿಯಿತು. ನನಗಿಂತ ಹೆಚ್ಚೇ ತಿಳಿಯಿತು.

ಕೋಣೆ ಕೆಟ್ಟರೆ ಮಾತ್ರ ಒತ್ತಲೆಂದು 'ಹೊಸದಾಗಿ ಕಟ್ಟು' ಎಂಬ ಗುಂಡಿ ಇಟ್ಟಿದ್ದೆ. ನೀವು ದಿನಾ ಸ್ನಾನ ಮುಗಿಸಿ ಬಂದು ಮೊದಲು ಅದನ್ನೇ ಒತ್ತಿದಿರಿ. ಹಿಂದಿನ ದಿನ ಬರೆದದ್ದೆಲ್ಲ ಕೋಣೆಯ ಜೊತೆಗೇ ತೊಳೆದುಹೋಗುತ್ತಿತ್ತು. ಹನ್ನೆರಡು ದಿನ ಶುಭಾಳ ಸೀರೆಯ ಅದೇ ಅಂಚನ್ನು ಮೊದಲಿನಿಂದ ಬರೆದಿರಿ, ತಿದ್ದುತ್ತಿದ್ದೀರಿ ಎಂದುಕೊಂಡೆ ನಾನು. ಹದಿಮೂರನೆಯ ಬೆಳಿಗ್ಗೆ ನೀವು ಗುಂಡಿ ಒತ್ತಿದ್ದೇ ತಡ, ನೇಕಾರ ಪೆದ್ದಯ್ಯ ಚಿತ್ರ ಒಯ್ಯಲು ಬಂದ; ತೆರೆದರೆ ಬರಿದು. ಕೇಳಿದರೆ, "ನಿನ್ನಿ ಮಡಿ ಇವತ್ತಿಗೆ ನಡೀತದೇನ? ರಂಗೋಲಿ ದಿನಾ ಅಳಿಸಿ ದಿನಾ ಹಾಕೂದಿಲ್ಲೇನ?" ಎಂದಿರಿ. ನಾನು ಬಿದ್ದು ಬಿದ್ದು ನಕ್ಕೆ, ಅದೂ ಪರರ ಎದುರಿಗೆ. ನೀವು ಚೀಲ ಹಿಡಿದು ಬಸ್ಸು ಹತ್ತಿದಿರಿ.

ಬರೆದದ್ದನ್ನು ಕೋಣೆಯ ಹೊರಗೆ ಉಳಿಸುವ ಫೋಲ್ಡರನ್ನು ಜೋಡಿಸಲು ಮರೆತವಳು ನಾನು, ನಕ್ಕವಳೂ ನಾನೇ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಈಗ ಫೋಲ್ಡರ್ ಜೋಡಿಸಿದ್ದೇನೆ. ಆ ಗುಂಡಿಯನ್ನು ತೆಗೆದಿಲ್ಲ, ದಿನಾ ಒತ್ತಿರಿ. ಹನ್ನೆರಡು ದಿನ ನಿಮ್ಮ ಹಿಂದೆ ಕಾಫಿ ಹಿಡಿದು ನಿಂತು ನೋಡಿದವಳಲ್ಲವೇ, ಅಂಚನ್ನು ನಾನೇ ಬರೆದೆ. ಸೆರಗಿನ ಹತ್ತಿರ ತಿರುಗುವ ಮೂಲೆಯೊಂದು ಏನು ಮಾಡಿದರೂ ಬರಲಿಲ್ಲ. ಪೆದ್ದಯ್ಯ ನೋಡಿ, "ಅಂಚು ಐತ್ರಿ, ಮೂಲಿ ಇಲ್ಲ. ದೊಡ್ಡಮ್ಮಾರು ಬರಾತನಕ ಮಗ್ಗ ಹೂಡಂಗಿಲ್ರಿ" ಎಂದು ಹೊರಟುಹೋದ. ಅಜ್ಜಿಯ ಅಂಚಿಲ್ಲದಿದ್ದರೆ ಚೂಡಿದಾರದಲ್ಲೇ ಧಾರೆಗೆ ಕೂಡುತ್ತೇನೆ ಎಂದು ಶುಭಾ ಹಟ ಹಿಡಿದಿದ್ದಾಳೆ. ಮಾಡುವ ಹುಡುಗಿಯೇ, ನಿಮಗೆ ಗೊತ್ತಲ್ಲ.

ಬುಧವಾರ ಬನ್ನಿ, ನಮ್ಮ ಮಖ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ನೀವಿಲ್ಲದ ಮನೆಯಲ್ಲಿ ನನ್ನನ್ನು ಬೈಯುವವರಿಲ್ಲದೆ ಬೇಸರವಾಗಿದೆ. ಪೆದ್ದಯ್ಯನ ಎದುರಿಗೆ ನಕ್ಕವಳು, ಅವನ ಎದುರಿಗೇ ನಿಮ್ಮ ಕಾಲಿಗೆ ಬೀಳುತ್ತೇನೆ. ಆಶೀರ್ವಾದ ಮಾಡಿ.

ನೀವು ಮಡಿಯಲ್ಲಿದ್ದರೆ, ದೂರದಿಂದ.

ನಿಮ್ಮ ಸೊಸೆ,
ಕೃಷ್ಣಪ್ರಿಯಾ