ಆ ಡಬ್ಬಿಗಳನ್ನು ತೆರೆಯಬೇಡಿ

ಸಿರುಗುಪ್ಪ
೬ ನವೆಂಬರ್ ೧೯೭೯

ಟ್ರಿನಿಡಾಡಿನಲ್ಲಿರುವ ನಮ್ಮ ಮನೆಯವರಿಗೆ ಗುರುಬಸಮ್ಮ ಮಾಡುವ ನಮಸ್ಕಾರಗಳು.

ಗಂಡನ ಹೆಸರು ಹಿಡಿಯಬಾರದೆಂದು ಕೇಳುತ್ತಲೇ ಬೆಳೆದವಳು, ಇವತ್ತು ಲಕೋಟೆಯ ಮೇಲೆ ತಿಪ್ಪೇರುದ್ರಪ್ಪ ಎಂದು ಮೂರು ಸಲ ಬರೆದೆ. ಎರಡು ಸಲ ಅಕ್ಷರ ತಪ್ಪಿ ಲಕೋಟೆ ಕೆಟ್ಟಿತು. ಕ್ಷೇಮ ಸಮಾಚಾರ ಆಮೇಲೆ. ಹಡಗಿನಲ್ಲಿ ಬರುತ್ತಿರುವ ಅಕ್ಕಿಯ ಡಬ್ಬಿಗಳನ್ನು ದಯವಿಟ್ಟು ತೆರೆಯಬೇಡಿ.

ಹೋದ ವಾರ ನಿಮ್ಮ ಕಾಗದ ಬಂತು. ಹಿಂದೆ ಕಬ್ಬು ಕಡಿಯಲು ಹೋದ ನಮ್ಮ ದೇಶದವರ ಮೊಮ್ಮಕ್ಕಳು ಅಲ್ಲಿ ದಿನಾ ಅನ್ನ ಉಣ್ಣುತ್ತಾರೆ, ನಮ್ಮ ಮಿಲ್ಲಿನ ಸಣ್ಣಕ್ಕಿ ಒಮ್ಮೆ ಬಾಯಿಗೆ ಬಿದ್ದರೆ ಬಿಡುವುದಿಲ್ಲ ಎಂದು ಬರೆದಿದ್ದಿರಿ. ಹಡಗು ತಡ, ಇಪ್ಪತ್ತರ ಮೇಲೆ ಬರುತ್ತದೆ, ಬಂದ ದಿನವೇ ನನ್ನ ಕೋಣೆಯಲ್ಲಿ ಡಬ್ಬಿ ಒಡೆದು ಹನ್ನೆರಡು ವ್ಯಾಪಾರಿಗಳಿಗೆ ಕೈಯಾರೆ ಅನ್ನ ಮಾಡಿ ಬಡಿಸುತ್ತೇನೆ ಎಂದೂ ಇತ್ತು. ಮಾವನವರು ಹಿಗ್ಗಿ ಎಲ್ಲರಿಗೂ ಓದಿ ಹೇಳಿದರು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಎರಡೂ ಡಬ್ಬಿಗಳಲ್ಲಿ ನುಸಿ ಮಾತ್ರೆ ಇದೆ. ಮಿಲ್ಲಿನಲ್ಲಿ ಮೂಟೆಗಳ ನಡುವೆ ಅದನ್ನಿಟ್ಟು ತಾಡಪತ್ರಿ ಹೊದಿಸಿ, ಆಮೇಲೆ ಅದರ ಹಬೆ ಹೋಗಲೆಂದು ಎರಡು ದಿನ ಗಾಳಿಗೆ ಬಿಡುತ್ತಾರಲ್ಲ, ಅದೇ. ಬೆಸುಗೆ ಹಾಕಿದ ಡಬ್ಬಿಗೆ ಎಲ್ಲಿಯ ಗಾಳಿ? ಅತ್ತೆಯವರು ರೂಢಿಯಂತೆ ಬಟ್ಟೆಯಲ್ಲಿ ಕಟ್ಟಿ ಹಾಕಿಬಿಟ್ಟಿದ್ದಾರೆ. ವಯಸ್ಸಾಯಿತು, ಏನನ್ನೋಣ. ಅಕ್ಕಿ ನಾತ ಹೊಡೆದೀತು, ಅಷ್ಟೇ ಅಂದುಕೊಂಡಿದ್ದೆ. ನಿಮ್ಮ ಕಾಗದ ಬರುವ ಹಿಂದಿನ ದಿನವಷ್ಟೇ, ಅಕ್ಕಿ ಕೇರುವ ಸುಂಕಲಮ್ಮ ಮಾತಿಗೆ ಮಾತು ಬಂದು ಹೇಳಿದಳು: “ಅಕ್ಕಾರ, ದೇಶನೂರಾಗ ಮಾತ್ರಿ ಇಟ್ಟು ಮುಚ್ಚಿದ ಕ್ವಾಣಿಗೆ ಹೋದಾವ ಹೊರಗ ಬರಲೇ ಇಲ್ರೀ. ಅದು ನುಸಿಗಷ್ಟಾ ಅಲ್ಲ, ಮನಷ್ಯಾರಿಗೂ ಯಮ ಐತಿ.”

ಮನೆಯಲ್ಲಿ ಯಾರಿಗೂ ತಿಳಿಯಬಾರದೆಂದು ಶುಕ್ರವಾರ ಬಳ್ಳಾರಿಗೆ ಹೋಗಿ ತಂತಿ ಕೊಟ್ಟೆ. ಅಕ್ಕಿ ಕೆಟ್ಟಿದೆ, ತೆರೆಯಬೇಡಿ ಎಂದು. ನಿನ್ನೆ ನಿಮ್ಮ ಉತ್ತರ ಬಂತು: ನಿನ್ನ ನಾಟಕ ಸಾಕು. ತಪ್ಪು ನಿಮ್ಮದಲ್ಲ. ಹೋದ ಮಾರ್ಚಿನಲ್ಲಿ ನೀವು ಮದರಾಸಿಗೆ ಹೊರಟಾಗ, ಮಾವನವರಿಗೆ ಹುಷಾರಿಲ್ಲವೆಂದು ಸುಳ್ಳು ತಂತಿ ಕೊಟ್ಟು ಗುಂತಕಲ್ಲಿನಿಂದ ವಾಪಸ್ಸು ಕರೆಸಿದವಳು ನಾನೇ. “ಇನ್ನ ನಿನ್ನ ತಂತಿ ನಂಬಂಗಿಲ್ಲಲೇ” ಎಂದು ನೀವು ಅವತ್ತೇ ಹೇಳಿದ್ದಿರಿ.

ಮಕ್ಕಳಾಣೆ, ಇದು ನಾಟಕವಲ್ಲ. ಡಬ್ಬಿಗಳನ್ನು ಬಂದರಿನಲ್ಲೇ ಬಿಟ್ಟು, ಒಳಗೆ ವಿಷವಿದೆ ಎಂದು ಅಲ್ಲಿಯವರಿಗೆ ಹೇಳಿ. ಬಹಳ ಹೆದರಿದ್ದೇನೆ.

ನಿಮ್ಮವಳೇ ಆದ,
ಗುರುಬಸಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಒಡೆದು ಬರೆಯುತ್ತಿದ್ದೇನೆ. ಅತ್ತೆಯವರ ಹೆಸರು ಹೇಳಿದರೆ ನೀವು ನಂಬುವುದಿಲ್ಲ. ಕಣ್ಣಿನ ಆಪರೇಷನ್ ಆದಮೇಲೆ ಅವರು ಉಗ್ರಾಣಕ್ಕೆ ಕಾಲಿಟ್ಟಿಲ್ಲ, ನಿಮಗೇ ಗೊತ್ತು. ಮಾತ್ರೆ ಹಾಕಿದವಳು ನಾನು. ಮರೆತಲ್ಲ, ಬೇಕೆಂದೇ. ವ್ಯಾಪಾರ ಕುದುರಿದರೆ ಐದು ವರ್ಷ ಅಲ್ಲೇ ಅಂಗಡಿ ಇಡುತ್ತೇನೆ ಎಂದಿರಿ. ಅಕ್ಕಿ ನಾತ ಹೊಡೆದರೆ ಅಲ್ಲಿಯ ವ್ಯಾಪಾರಿಗಳು ಬೇಡವೆಂದಾರು, ನೀವು ಮನೆಗೆ ಬಂದೀರಿ ಎಂದುಕೊಂಡೆ. ಜೀವ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಾಳೆ ಮಾವನವರನ್ನು ಕರೆದುಕೊಂಡು ಸಿರುಗುಪ್ಪದ ಅಂಚೆ ಕಚೇರಿಗೇ ಹೋಗುತ್ತೇನೆ. ಈ ಸಲದ ತಂತಿ ಅವರ ಹೆಸರಿನಲ್ಲಿ ಬರುತ್ತದೆ: ಅಕ್ಕಿಗೆ ವಿಷ ಹಾಕಿದವಳು ನಿನ್ನ ಹೆಂಡತಿ. ಊರೆಲ್ಲ ಓದಲಿ, ನೀವು ಮಾತ್ರ ನಂಬಿ.