ಪೆರೋಲ್ ಬೇಡ ಎಂದವನು ನಾನೇ

ಅಪ್ಪಾ,

ನಿನ್ನನ್ನು ಪೆರೋಲ್ ಮೇಲೆ ಮನೆಗೆ ಕಳಿಸಬಹುದಾ ಎಂದು ವಿಚಾರಿಸಲು ಇವತ್ತು ಬೇಲೂರಿನಿಂದ ಪೊಲೀಸರು ಬಂದಿದ್ದರು.

"ಕಳ್ಸಿ ಸಾಮಿ, ನಾನು ನೋಡ್ಕತೀನಿ" ಎಂದಳು ಅಮ್ಮ.

ನೀನು ಕೊಂದ ಚಿಕ್ಕಪ್ಪನ ಹೆಂಡತಿ ಕೂಡ, "ಬರ್ಲಿ ಬಿಡಿ, ಅವ್ರ ಮನೆ ಅಲ್ವಾ" ಎಂದಳು.

ಆಮೇಲೆ ಪೇದೆ ನನ್ನ ಕಡೆ ತಿರುಗಿ, "ನೀನೇನಂತೀಯ್ಲಾ?" ಎಂದ.

"ಬೇಡ ಸಾರ್, ಊರಲ್ಲಿ ಗಲಾಟೆ ಆಗುತ್ತೆ" ಎಂದೆ.

ಗಲಾಟೆ ಮಾಡುವವರು ಇಲ್ಲಿ ಯಾರೂ ಇಲ್ಲ. ಸ್ಕೂಲು ಬಿಡುವವರೆಗೂ ಎಲ್ಲರೂ ನನ್ನನ್ನು ಕೊಲೆಗಾರನ ಮಗ ಅನ್ನುತ್ತಿದ್ದರು. ಈಗೀಗ ಲೋಹಿತ್ ಅನ್ನುತ್ತಾರೆ. ನೀನು ಬಂದು ಜಗಲಿ ಮೇಲೆ ಕೂತರೆ ನಾನು ಮತ್ತೆ ನಿನ್ನ ಮಗನಾಗಬೇಕು.

"ಹುಡುಗ, ಬುದ್ಧಿ ಇಲ್ದೆ ಅಂದವ್ನೆ, ಬರ್ಕಬೇಡಿ ಸಾಮಿ" ಎಂದು ಅಮ್ಮ ಕೈಮುಗಿದಳು.

ನಾನು ಮಾತು ಬದಲಿಸುತ್ತೇನೋ ಎಂದು ಪೇದೆ ಸ್ವಲ್ಪ ಹೊತ್ತು ಕಾದ. ನಾನು ಬದಲಿಸಲಿಲ್ಲ. ಬರೆದುಕೊಂಡ.